ಗೌಹರ್ ಜಾನ್: ಅರಗಿನ ಪ್ಲೇಟಿನಲ್ಲಿ ಉಳಿದ ದನಿ, ಫಾರ್ವರ್ಡ್‌ನಲ್ಲಿ ಕೆಟ್ಟ ಕಥೆ

ಗ್ರಾಮೊಫೋನ್ ಬಗ್ಗೆ ಮೂರು ಮೆಸೇಜುಗಳು ಕನ್ನಡದ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಸುತ್ತು ಹೊಡೆಯುತ್ತಲೇ ಇರುತ್ತವೆ. ಒಂದು, ಎಡಿಸನ್ ಗ್ರಾಮೊಫೋನ್ ಕಂಡುಹಿಡಿದಾಗ ಮೊದಲು ದಾಖಲಾದ ದನಿ ಮ್ಯಾಕ್ಸ್ ಮುಲ್ಲರ್ ಅವರದು, ಅವರು ಹೇಳಿದ್ದು ಋಗ್ವೇದದ ಮೊದಲ ಮಂತ್ರ ಎಂಬುದು. ಎರಡು, ಭಾರತದ ನೆಲದಲ್ಲಿ ಮೊಟ್ಟಮೊದಲು ರೆಕಾರ್ಡ್ ಆದ ದನಿ ಗೌಹರ್ ಜಾನ್ ಅವರದು ಎಂಬುದು. ಮೂರು, ಅಟ್ಟದಲ್ಲಿರುವ ಹಳೆಯ ಪ್ಲೇಟುಗಳನ್ನು ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಹಾಕಿ ಒರೆಸಿದರೆ ಹೊಸದರಂತೆ ಹೊಳೆಯುತ್ತವೆ ಎಂಬ ಮನೆ ಉಪಾಯ. ಕಮಲಾಪುರದ ನಮ್ಮ ಸಂಬಂಧಿಕರ ಗ್ರೂಪಿನಲ್ಲಿ ಈ ಮೂರೂ ಒಂದೇ ವಾರದಲ್ಲಿ ಬಂದವು.

ಮೊದಲನೆಯದು ಸುಳ್ಳು. ಎರಡನೆಯದು ನಿಜಕ್ಕೆ ತೀರಾ ಹತ್ತಿರ ಬಂದು ತಪ್ಪಿದೆ. ಮೂರನೆಯದನ್ನು ನಂಬಿದರೆ ನಿಮ್ಮ ಮನೆಯ ಪ್ಲೇಟು ಹಾಳು. ಮೂರಕ್ಕೂ ಉತ್ತರ ಒಬ್ಬ ಗಾಯಕಿಯ ಬದುಕಿನಲ್ಲಿ ಸಿಗುತ್ತದೆ. ಆಕೆ ಹುಟ್ಟಿದ್ದು ಉತ್ತರದ ಆಜಂಗಢದಲ್ಲಿ, ಕಣ್ಣು ಮುಚ್ಚಿದ್ದು ನಮ್ಮ ಮೈಸೂರಿನಲ್ಲಿ.

ಏಂಜಲೀನಾ ಗೌಹರ್ ಆದ ಬಗೆ

1873ರ ಜೂನ್ 26ರಂದು ಹುಟ್ಟಿದ ಆ ಮಗುವಿಗೆ ಇಟ್ಟ ಹೆಸರು ಏಂಜಲೀನಾ ಯೋವರ್ಡ್. ತಂದೆ ರಾಬರ್ಟ್ ವಿಲಿಯಂ ಯೋವರ್ಡ್ ಅರ್ಮೇನಿಯನ್ ಮೂಲದವರು, ಐಸ್ ಕಾರ್ಖಾನೆಯಲ್ಲಿ ಎಂಜಿನಿಯರ್. ತಾಯಿ ವಿಕ್ಟೋರಿಯಾ ಹೆಮ್ಮಿಂಗ್ಸ್ ಅವರ ಅಪ್ಪ ಬ್ರಿಟಿಷ್, ಅಮ್ಮ ಭಾರತೀಯಳು. ವಿಕ್ಟೋರಿಯಾಗೆ ಹಾಡು, ಕುಣಿತ, ಕವಿತೆ ಮೂರೂ ಒಲಿದಿದ್ದವು. 1879ರಲ್ಲಿ ಗಂಡ ಹೆಂಡತಿ ಬೇರೆಯಾದರು. ತಾಯಿ ಮಗಳು ಬನಾರಸ್ ಸೇರಿದರು, ಇಸ್ಲಾಂ ಧರ್ಮಕ್ಕೆ ಬಂದರು. ತಾಯಿ ಮಲ್ಕಾ ಜಾನ್ ಆದರು, ಮಗಳು ಗೌಹರ್ ಜಾನ್.

1883ರಲ್ಲಿ ಇಬ್ಬರೂ ಕಲ್ಕತ್ತಕ್ಕೆ ಹೋದರು. ಅವಧದ ಗಾದಿ ಕಳೆದುಕೊಂಡ ನವಾಬ ವಾಜಿದ್ ಅಲಿ ಶಾ ಅಲ್ಲಿ ಮಟಿಯಾಬುರ್ಜ್‌ನಲ್ಲಿ ಲಕ್ನೋದ ಸಂಗೀತವನ್ನೇ ಮರುಸ್ಥಾಪಿಸಿಕೊಂಡು ಕುಳಿತಿದ್ದ ಕಾಲ ಅದು. ಗೌಹರ್‌ಗೆ ದೊಡ್ಡ ದೊಡ್ಡ ಉಸ್ತಾದರ ಪಾಠ ಸಿಕ್ಕಿತು, ಕಥಕ್ಕನ್ನು ಬಿಂದಾದಿನ್ ಮಹಾರಾಜರಿಂದ ಕಲಿತರು. 1887ರಲ್ಲಿ, ಹದಿನಾಲ್ಕರ ಆಸುಪಾಸಿನಲ್ಲಿ, ದರ್ಭಂಗಾದ ದರ್ಬಾರಿನಲ್ಲಿ ಮೊದಲ ಕಚೇರಿ ನಡೆಯಿತು. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಕಲ್ಕತ್ತದಲ್ಲಿ ಆಕೆಯ ಹೆಸರು ಕೇಳದವರು ಇರಲಿಲ್ಲ.

ಇಲ್ಲಿ ಒಂದು ವಿಷಯ ನೆನಪಿಡಿ. ಆಗ ಹಾಡು ಕೇಳಬೇಕೆಂದರೆ ಹಾಡುವವರ ಎದುರಿಗೇ ಕೂರಬೇಕಿತ್ತು. ತವಾಯಫರ ಮೆಹಫಿಲಿಗೆ ಕಾಲಿಡುವ ತಾಕತ್ತು ಇದ್ದದ್ದು ರಾಜರಿಗೆ, ಜಮೀನುದಾರರಿಗೆ, ಸೇಟುಗಳಿಗೆ. ಮಧ್ಯಮವರ್ಗದ ಮನೆಯ ಹೆಂಗಸರಂತೂ ಆ ದನಿ ಕೇಳುವ ಮಾತೇ ಇರಲಿಲ್ಲ.

1902ರ ನವೆಂಬರ್

ಲಂಡನ್ನಿನ ಗ್ರಾಮೊಫೋನ್ ಕಂಪನಿ 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ತರುಣ ತಂತ್ರಜ್ಞನನ್ನು ಪೂರ್ವ ದೇಶಗಳಿಗೆ ಕಳಿಸಿತು. ಯಂತ್ರ ಮಾರಬೇಕಾದರೆ ಆಯಾ ಊರಿನ ಹಾಡು ಬೇಕು, ಅದೇ ಲೆಕ್ಕಾಚಾರ. ಕಲ್ಕತ್ತದ ಹೋಟೆಲೊಂದರ ಎರಡು ದೊಡ್ಡ ಕೋಣೆಗಳಲ್ಲಿ ಆತ ಸ್ಟುಡಿಯೋ ಹೂಡಿದ. ನವೆಂಬರ್ 8ರಂದು ಅಲ್ಲಿ ಮೊದಲು ಹಾಡಿದವರು ಶಶಿಮುಖಿ ಮತ್ತು ಫಣಿಬಾಲಾ ಎಂಬ ರಂಗಭೂಮಿಯ ಇಬ್ಬರು ಹುಡುಗಿಯರು. ಗೌಹರ್ ಜಾನ್ ಬಂದದ್ದು ಮೂರು ದಿನ ಬಿಟ್ಟು, ನವೆಂಬರ್ 11ಕ್ಕೆ.

ಅಂದರೆ ಎರಡನೇ ಫಾರ್ವರ್ಡ್ ತಪ್ಪಿರುವುದು ಮೂರು ದಿನದಿಂದ. 1899ರಲ್ಲೇ ಲಂಡನ್ನಿನಲ್ಲಿ ಕೆಲವು ಭಾರತೀಯರ ದನಿ ಪ್ಲೇಟಿಗೆ ಏರಿತ್ತು ಎಂಬುದನ್ನೂ ಸೇರಿಸಿದರೆ ಇನ್ನೂ ಹಿಂದೆ ಹೋಗುತ್ತೇವೆ. ಆದರೆ ಆಗಲೇ ದೇಶಕ್ಕೆ ಗೊತ್ತಿದ್ದ, ಶಾಸ್ತ್ರೀಯವಾಗಿ ಪಳಗಿದ ದೊಡ್ಡ ಗಾಯಕಿಯೊಬ್ಬರು ಯಂತ್ರಕ್ಕೆ ದನಿ ಕೊಟ್ಟದ್ದು ಅಂದೇ ಮೊದಲು. ಆ ಇಬ್ಬರು ಹುಡುಗಿಯರ ಹೆಸರು ಮರೆತುಹೋಗಿ ಗೌಹರ್ ಹೆಸರು ಉಳಿದದ್ದಕ್ಕೆ ಕಾರಣ ಅದು. ಒಂದು ಕೂರಿಕೆಗೆ ಆಕೆ 3,000 ರೂಪಾಯಿ ಪಡೆದರು ಎಂದು ಬಹಳ ಕಡೆ ಬರೆಯುತ್ತಾರೆ. ಆ ಕಾಲಕ್ಕೆ ಅದು ಕಣ್ಣು ಕುಕ್ಕುವ ಮೊತ್ತ.

ಇನ್ನು ಮ್ಯಾಕ್ಸ್ ಮುಲ್ಲರ್ ಕಥೆ. ಎಡಿಸನ್ 1877ರಲ್ಲಿ ಮಾಡಿದ್ದು ಫೋನೋಗ್ರಾಫ್, ತವರದ ಹಾಳೆ ಸುತ್ತಿದ ಉರುಳೆ. ಅದರ ಮೇಲೆ ಆತ ಮೊದಲು ಪರೀಕ್ಷಿಸಿದ್ದು ತನ್ನದೇ ದನಿಯನ್ನು, ಹೇಳಿದ್ದು ಮಕ್ಕಳ ಪದ್ಯವನ್ನು. ಚಪ್ಪಟೆ ಪ್ಲೇಟಿನ ಗ್ರಾಮೊಫೋನಿಗೆ ಪೇಟೆಂಟ್ ಪಡೆದವರು ಬೇರೆ, ಎಮಿಲ್ ಬರ್ಲಿನರ್, ಹತ್ತು ವರ್ಷ ತಡವಾಗಿ 1887ರಲ್ಲಿ. ಫಾರ್ವರ್ಡ್‌ನಲ್ಲಿ ಬರುವ ನಾಯಿ ಚಿತ್ರದ ಎಚ್‌ಎಂವಿ ಲೇಬಲ್ ಇನ್ನೂ ಆಮೇಲಿನದು. ಮ್ಯಾಕ್ಸ್ ಮುಲ್ಲರ್ ತೀರಿಕೊಂಡದ್ದು 1900ರಲ್ಲಿ. ಗೌಹರ್ ಅವರ ಮೊದಲ ಪ್ಲೇಟುಗಳ ಮೇಲೂ ನಾಯಿ ಇರಲಿಲ್ಲ, ಗರಿಯಿಂದ ಬರೆಯುತ್ತ ಕುಳಿತ ರೆಕ್ಕೆಯ ದೇವತೆ ಇತ್ತು. ಋಗ್ವೇದದ ಹಿರಿಮೆಗೆ ಈ ಸುಳ್ಳಿನ ಊರುಗೋಲು ಬೇಕಿಲ್ಲ ಎಂದು ನನ್ನ ಅಭಿಪ್ರಾಯ.

ಮೂರು ನಿಮಿಷದೊಳಗೆ ರಾಗ

ಆಗ ಮೈಕ್ ಇರಲಿಲ್ಲ, ವಿದ್ಯುತ್ತಿನ ಕೆಲಸವೂ ಇರಲಿಲ್ಲ. ಗೋಡೆಯಿಂದ ಚಾಚಿದ ದೊಡ್ಡ ಕಹಳೆಯೊಳಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ದನಿಯ ಅದುರು ಕಹಳೆಯ ತುದಿಯ ತೆಳು ಪೊರೆಯನ್ನು ಅಲುಗಿಸುತ್ತದೆ, ಪೊರೆಗೆ ಹೊಂದಿಸಿದ ಮೊನೆ ತಿರುಗುವ ಮೇಣದ ಬಿಲ್ಲೆಯ ಮೇಲೆ ಗೀರು ಕೊರೆಯುತ್ತದೆ. ಸುಮಾರು 250ರಿಂದ 2,500 ಹರ್ಟ್ಸ್‌ವರೆಗಿನ ಸದ್ದು ಮಾತ್ರ ಹಿಡಿಯುತ್ತಿತ್ತು. ಕೆಳಗಿನ ತಬಲಾದ ಗುಂಗು, ಮೇಲಿನ ಸಣ್ಣ ಝೇಂಕಾರ ಎರಡೂ ಸೋರಿಹೋಗುತ್ತಿದ್ದವು. ತಲೆ ಸ್ವಲ್ಪ ಪಕ್ಕಕ್ಕೆ ಸರಿದರೂ ದನಿ ಕ್ಷೀಣ.

ಹತ್ತು ಇಂಚಿನ ಪ್ಲೇಟಿಗೆ ಸಿಗುತ್ತಿದ್ದ ಸಮಯ ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಬಿಚ್ಚಿಕೊಳ್ಳುವ ರಾಗವನ್ನು ಅಷ್ಟರಲ್ಲಿ ಏನು ಮಾಡುವುದು? ಬಹಳ ಉಸ್ತಾದರು ಇದನ್ನು ಅವಮಾನವೆಂದು ಭಾವಿಸಿ ದೂರ ಉಳಿದರು. ಯಂತ್ರ ದನಿಯನ್ನೇ ಕಿತ್ತುಕೊಳ್ಳುತ್ತದೆ ಎಂಬ ಭಯವೂ ಹಬ್ಬಿತ್ತಂತೆ, ಆ ಕಾಲದ ಫಾರ್ವರ್ಡ್ ಅನ್ನಿ. ಗೌಹರ್ ಹಾಗೆ ಕೂರಲಿಲ್ಲ. ಮೂರು ನಿಮಿಷಕ್ಕೆ ತಕ್ಕಂತೆ ರಾಗವನ್ನು ಹೆಣೆದರು: ಒಂದೆರಡು ಸುತ್ತಿನಲ್ಲೇ ರಾಗದ ಮುಖ ಕಾಣಿಸಬೇಕು, ಚಿಕ್ಕ ಚುರುಕು ತಾನಗಳು, ಆಮೇಲೆ ಮುಕ್ತಾಯ. ಮುಂದಿನ ಐವತ್ತು ಅರವತ್ತು ವರ್ಷ 78ರ ಪ್ಲೇಟಿಗೆ ಹಾಡಿದವರೆಲ್ಲ ಇದೇ ಅಳತೆಯೊಳಗೆ ಹಾಡಬೇಕಾಯಿತು, ನಮ್ಮ ಧಾರವಾಡದ ಕಡೆಯ ದೊಡ್ಡ ಗಾಯಕರೂ ಸೇರಿ.

ಹಾಡಿನ ಕೊನೆಗೆ ಗೌಹರ್ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುವುದು ಕೇಳಿಸುತ್ತದೆ. ಇದನ್ನು ಸೊಕ್ಕು ಎಂದು ಬರೆದವರಿದ್ದಾರೆ. ಕಾರಣ ಬಹಳ ಸರಳ. ಆ ಮೇಣದ ಬಿಲ್ಲೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗಬೇಕಿತ್ತು. ಅಲ್ಲಿನ ಕಾರ್ಖಾನೆಯ ಕೆಲಸಗಾರರಿಗೆ ಹಿಂದೂಸ್ತಾನಿಯೂ ಗೊತ್ತಿಲ್ಲ, ಬಂಗಾಳಿಯೂ ಗೊತ್ತಿಲ್ಲ. ಯಾವ ಬಿಲ್ಲೆ ಯಾರದು ಎಂದು ತಿಳಿದು ಸರಿಯಾದ ಲೇಬಲ್ ಅಂಟಿಸಲು ಆ ಘೋಷಣೆ ಬೇಕಿತ್ತು. ಪ್ಲೇಟುಗಳು ಮುದ್ರಣವಾಗಿ ವಾಪಸ್ ಬಂದದ್ದು ಮುಂದಿನ ವರ್ಷ. ಕಲ್ಕತ್ತದ ಸಿಯಾಲ್ದಾದಲ್ಲಿ ಕಾರ್ಖಾನೆ ಶುರುವಾದ ಮೇಲೆ, ಅಂದರೆ 1908ರಿಂದ, ಆ ಸಮುದ್ರಯಾನ ತಪ್ಪಿತು.

ಪ್ಲೇಟು ಪ್ಲಾಸ್ಟಿಕ್ಕಿನದಲ್ಲ

ಈಗ ಮೂರನೇ ಫಾರ್ವರ್ಡ್‌ಗೆ ಬರೋಣ. ಅಟ್ಟದಲ್ಲಿ ಸಿಗುವ ಕಪ್ಪು ಭಾರದ ಪ್ಲೇಟನ್ನು ಎಲ್ಲರೂ ವಿನೈಲ್ ಅನ್ನುತ್ತಾರೆ. ಲೇಬಲ್ ಮೇಲೆ 78 ಎಂದಿದ್ದರೆ ಅದು ಬಹುತೇಕ ಅರಗಿನ ಪ್ಲೇಟು. ಮಹಾಭಾರತದಲ್ಲಿ ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆಯ ಅರಗು, ಬಳೆಗಾರರ ಅರಗು, ಅಂಚೆ ಚೀಲಕ್ಕೆ ಮೊಹರು ಒತ್ತುವ ಅರಗು, ಅದೇ.

ಅರಗು ಒಂದು ಸಣ್ಣ ಕೀಟದ ಸ್ರಾವ. ಮುತ್ತುಗ, ಬಾರಿ, ಕುಸುಮ್ ಮರಗಳ ಎಳೆಯ ಕೊಂಬೆಗಳ ಮೇಲೆ ಈ ಕೀಟಗಳು ಸಾವಿರಗಟ್ಟಲೆ ಕೂತು ರಸ ಹೀರಿ ಮೈಸುತ್ತ ಗಟ್ಟಿ ಹೊದಿಕೆ ಕಟ್ಟಿಕೊಳ್ಳುತ್ತವೆ. (ಕುಸುಮ್ ಅಂದರೆ ನಮ್ಮ ಹೊಲದ ಕುಸುಬಿ ಅಲ್ಲ, ದೊಡ್ಡ ಕಾಡುಮರ.) ಇಂದಿನ ಜಾರ್ಖಂಡ್ ಕಡೆಯ ಕಾಡುಗಳು ಅದರ ತವರು. ಲಂಡನ್ನು, ನ್ಯೂಯಾರ್ಕಿನ ಪ್ಲೇಟಿಗೂ ಅರಗು ಹೋಗುತ್ತಿದ್ದದ್ದು ಮುಖ್ಯವಾಗಿ ಭಾರತದಿಂದಲೇ. ಎರಡನೇ ಮಹಾಯುದ್ಧದಲ್ಲಿ ಹಡಗುಗಳ ಸಂಚಾರ ಕಷ್ಟವಾದಾಗ, 1942ರಲ್ಲಿ ಅಮೆರಿಕ ಅರಗಿನ ಬಳಕೆಗೆ ಕಡಿವಾಣ ಹಾಕಿತು, ಜನರ ಹಳೆಯ ಪ್ಲೇಟುಗಳನ್ನು ಸಂಗ್ರಹಿಸಿ ಕರಗಿಸಿ ಮತ್ತೆ ಬಳಸಿದರು.

ಆದರೆ ಪ್ಲೇಟಿನಲ್ಲಿ ಅರಗಿನ ಪಾಲು ಐದರಲ್ಲಿ ಒಂದರಿಂದ ಮೂರರಲ್ಲಿ ಒಂದರಷ್ಟು ಮಾತ್ರ. ಹೆಚ್ಚಿನದು ಕಲ್ಲಿನ ಪುಡಿ: ಸುಣ್ಣಕಲ್ಲು, ಸ್ಲೇಟಿನ ಕಲ್ಲು ಇತ್ಯಾದಿ. ನಮ್ಮ ಮನೆಗಳಲ್ಲಿ ಕಾಲಡಿ ಇರುವ ಶಹಾಬಾದ್ ಫರ್ಸಿಯೂ ಸುಣ್ಣಕಲ್ಲೇ, ಜಾತಿ ಅದೇ ಎಂದು ತಿಳಿಯಿರಿ. ಜೊತೆಗೆ ಹತ್ತಿಯ ನಾರಿನ ಚೂರು, ಬಣ್ಣಕ್ಕೆ ಮಸಿ. ಬಿಸಿ ಮಾಡಿ ಹಿಟ್ಟಿನಂತೆ ನಾದಿ ಅಚ್ಚಿನಲ್ಲಿ ಒತ್ತಿದರೆ ಪ್ಲೇಟು. ಬರ್ಲಿನರ್ ಮೊದಲು ಗಟ್ಟಿ ರಬ್ಬರಿನಲ್ಲಿ ಮಾಡಿ ನೋಡಿದ್ದ, ಅದು ಸೊಟ್ಟಗಾಗುತ್ತಿತ್ತು. ಕೊನೆಗೆ ಅಂಗಿಯ ಗುಂಡಿ ಮಾಡುವ ಕಂಪನಿಯೊಂದರ ಬಳಿ ಈ ಅರಗಿನ ಮಿಶ್ರಣ ಸಿಕ್ಕಿತು.

ಕಲ್ಲಿನ ಪುಡಿ ಕಲಬೆರಕೆಗಾಗಿ ಹಾಕಿದ್ದಲ್ಲ. ಗ್ರಾಮೊಫೋನಿನ ಸೌಂಡ್‌ಬಾಕ್ಸ್ ನೂರು ಗ್ರಾಮಿಗೂ ಹೆಚ್ಚು ಭಾರದಿಂದ ಉಕ್ಕಿನ ಪಿನ್ನನ್ನು ಗೀರಿನೊಳಗೆ ಒತ್ತುತ್ತದೆ. ಮೆತ್ತಗಿನ ವಸ್ತು ಅಷ್ಟು ಭಾರಕ್ಕೆ ಕಿತ್ತುಹೋಗುತ್ತದೆ. ಗರಗಸದಂಥ ಕಲ್ಲುಪುಡಿ ಮೊದಲ ಕೆಲವು ಸುತ್ತಿನಲ್ಲೇ ಪಿನ್ನಿನ ಮೊನೆಯನ್ನು ಉಜ್ಜಿ ಗೀರಿನ ಆಕಾರಕ್ಕೆ ತರುತ್ತದೆ. ಹಾಳಾಗಬೇಕಾದದ್ದು ಅಗ್ಗದ ಪಿನ್ನು, ಉಳಿಯಬೇಕಾದದ್ದು ಪ್ಲೇಟು. ಅದಕ್ಕೇ ಒಂದು ಮುಖಕ್ಕೆ ಒಂದು ಪಿನ್ನು ಎಂಬ ನಿಯಮ. ಸವೆದ ಪಿನ್ನು ಚೂಪಾದ ಅಂಚು ಪಡೆದು ಗೀರನ್ನೇ ಕೊರೆಯುತ್ತದೆ. ಜಿಪುಣತನದಿಂದ ಒಂದೇ ಪಿನ್ನಿನಲ್ಲಿ ಹತ್ತು ಹಾಡು ಕೇಳಿದ ಮನೆಗಳ ಪ್ಲೇಟುಗಳು ಬೂದು ಬಣ್ಣಕ್ಕೆ ತಿರುಗಿರುವುದನ್ನು ನೋಡಬಹುದು.

ಸ್ಪಿರಿಟ್ ಮಾತು ಇಲ್ಲೇ ಮುಗಿಯುತ್ತದೆ. ಮರಕ್ಕೆ ಪಾಲಿಶ್ ಹಚ್ಚುವ ಬಡಗಿಯನ್ನು ಕೇಳಿ, ಅರಗಿನ ಹಾಳೆಗಳನ್ನು ಕರಗಿಸುವುದು ಸ್ಪಿರಿಟ್‌ನಲ್ಲೇ. ಸ್ಯಾನಿಟೈಸರಿನಲ್ಲಿರುವುದೂ ಆಲ್ಕೊಹಾಲೇ. ಹಚ್ಚಿ ಒರೆಸಿದಾಗ ಕಾಣುವ ಹೊಳಪು, ಗೀರಿನ ಗೋಡೆ ಕರಗಿದ ಹೊಳಪು. ಶುದ್ಧ ನೀರಿನಲ್ಲಿ ತೋಯಿಸಿ ಹಿಂಡಿದ ಮೆತ್ತಗಿನ ಬಟ್ಟೆಯಿಂದ ಲೇಬಲ್ಲಿಗೆ ತಾಗದಂತೆ ಗೀರಿನ ದಿಕ್ಕಿಗೆ ಒರೆಸಿ, ಕೂಡಲೇ ನೆರಳಿನಲ್ಲಿ ಒಣಗಿಸಿದರೆ ಸಾಕು.

ನೆರಳಿನಲ್ಲಿ ಎಂದು ಒತ್ತಿ ಹೇಳುತ್ತೇನೆ, ಯಾಕೆಂದರೆ ನಾವಿರುವುದು ಬಿಸಿಲು ನಾಡಿನಲ್ಲಿ. ಅರಗು ಬಿಸಿಗೆ ಮೆತ್ತಗಾಗುತ್ತದೆ, ಅದು ಅದರ ಹುಟ್ಟುಗುಣ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 42 ಡಿಗ್ರಿ ದಾಟಿದಾಗ ತಗಡಿನ ಸೂರಿನ ಕೆಳಗಿನ ಟ್ರಂಕಿನೊಳಗೆ ಇನ್ನೂ ಹೆಚ್ಚಿರುತ್ತದೆ. ಒಂದರ ಮೇಲೊಂದು ಪೇರಿಸಿಟ್ಟ ಪ್ಲೇಟುಗಳು ಅಲ್ಲಿ ಹಪ್ಪಳದಂತೆ ಸೊಟ್ಟಗಾಗುತ್ತವೆ. ಪುಸ್ತಕದಂತೆ ನಿಲ್ಲಿಸಿ, ನೆಲಮನೆಯ ತಂಪು ಕೋಣೆಯಲ್ಲಿಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಂತೂ ಬಿಡಲೇಬೇಡಿ.

ಹೊತ್ತೊಯ್ಯುವ ಪೆಟ್ಟಿಗೆ

ಗೌಹರ್ ಹಾಡು ಮೊದಲು ನುಡಿದದ್ದು ದೊಡ್ಡ ಕಹಳೆಯ ಯಂತ್ರಗಳಲ್ಲಿ. ಕೈಯಲ್ಲಿ ಹಿಡಿದು ಒಯ್ಯುವ ಸೂಟ್‌ಕೇಸ್ ಮಾದರಿಯ ಗ್ರಾಮೊಫೋನ್ ಜನಪ್ರಿಯವಾದದ್ದು 1914ರ ಡೆಕ್ಕಾ ಪೋರ್ಟಬಲ್‌ನಿಂದ. ಮೊದಲ ಮಹಾಯುದ್ಧದಲ್ಲಿ ಸೈನಿಕರು ಅದನ್ನು ಕಂದಕಗಳಿಗೂ ಒಯ್ದರು. 1925ರಲ್ಲಿ ಎಚ್‌ಎಂವಿ 101 ಬಂತು, 1931ರಲ್ಲಿ 102. ಇಂದು ಸೂಪರ್ ಮಾರ್ಕೆಟ್ಟಿನ ಅಂಗಡಿಗಳಲ್ಲಿ ಸಿಗುವ ಬ್ಲೂಟೂತ್ ಸ್ಪೀಕರಿನ ಅಜ್ಜ ಅದು. ಕರೆಂಟೂ ಬೇಡ, ಬ್ಯಾಟರಿಯೂ ಬೇಡ. ಕೀ ಕೊಟ್ಟರೆ ಉಕ್ಕಿನ ಪಟ್ಟಿಯ ಸ್ಪ್ರಿಂಗು ಸುತ್ತಿಕೊಳ್ಳುತ್ತದೆ, ವೇಗ ಒಂದೇ ಸಮನಿಡಲು ಗವರ್ನರ್ ಎಂಬ ತೂಕದ ಗುಂಡುಗಳ ಜೋಡಣೆ ಇರುತ್ತದೆ. ಮರದ ಪೆಟ್ಟಿಗೆ, ಮೇಲೆ ಅಂಟಿಸಿದ ಚರ್ಮದಂಥ ಬಟ್ಟೆ, ಒಳಗೇ ಮಡಚಿದ ಕಹಳೆ. ಸೌಂಡ್‌ಬಾಕ್ಸಿನ ಪೊರೆ ಮೊದಲಿಗೆ ಅಭ್ರಕದ್ದು, ಆಮೇಲೆ ಅಲ್ಯೂಮಿನಿಯಂ.

ಇವುಗಳಲ್ಲಿ ಎಷ್ಟೋ ಇನ್ನೂ ನುಡಿಯುತ್ತವೆ. ಕೆಟ್ಟಿದ್ದರೆ ಕೆಡುವ ಜಾಗ ಗೊತ್ತಿರುವಂಥದ್ದೇ. ಸೌಂಡ್‌ಬಾಕ್ಸಿನ ಪೊರೆ ಹಿಡಿದಿರುವ ರಬ್ಬರು ಬಳೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ಆಗ ದನಿ ಗರಗರ ಎನ್ನುತ್ತದೆ. ಜನ ಅದನ್ನು ಪ್ಲೇಟಿನ ದೋಷ ಎಂದುಕೊಳ್ಳುತ್ತಾರೆ. ಸತುವಿನ ಮಿಶ್ರಲೋಹದ ಎರಕದ ಭಾಗಗಳಲ್ಲಿ ಸೀಸದ ಕಲ್ಮಶ ಇದ್ದರೆ ದಶಕಗಳಲ್ಲಿ ತಾವಾಗಿಯೇ ಉಬ್ಬಿ ಬಿರಿಯುತ್ತವೆ. ಅದಕ್ಕೆ ರಿಪೇರಿ ಇಲ್ಲ, ಬದಲಿಸಬೇಕು. ಒಂದು ಎಚ್ಚರಿಕೆ: ಸ್ಪ್ರಿಂಗ್ ಡಬ್ಬಿಯನ್ನು ಮನೆಯಲ್ಲಿ ಬಿಚ್ಚಬೇಡಿ. ಬಿಗಿ ಇಳಿಸದೆ ತೆರೆದರೆ ಉಕ್ಕಿನ ಪಟ್ಟಿ ಚಾಟಿಯಂತೆ ಹೊರಚಿಮ್ಮಿ ಬೆರಳು ಸೀಳುತ್ತದೆ. ಪಳಪಳ ಹೊಳೆಯುವ ಹಿತ್ತಾಳೆ ಕಹಳೆಯ ಎಚ್‌ಎಂವಿ ಯಂತ್ರವನ್ನು ನೂರು ವರ್ಷ ಹಳೆಯದೆಂದು ಯಾರಾದರೂ ಮಾರಲು ಬಂದರೆ ಅನುಮಾನಿಸಿ. ಹಳೆಯ ಪೋರ್ಟಬಲ್‌ನ ಮೋಟಾರಿಗೆ ಹೊಸ ಪೆಟ್ಟಿಗೆ, ಹೊಸ ಕಹಳೆ ಜೋಡಿಸಿದ ನಕಲಿ ಪುರಾತನಗಳು ನಮ್ಮ ದೇಶದಲ್ಲೇ ಹೇರಳವಾಗಿ ತಯಾರಾಗುತ್ತವೆ.

ಮೈಸೂರಿನ ಕೊನೆಯ ದಿನಗಳು

ಪ್ಲೇಟು ಗೌಹರ್ ಅವರನ್ನು ಮೆಹಫಿಲಿನಿಂದ ಹೊರತಂದು ಮನೆಮನೆಗೆ ಒಯ್ದಿತು. 1902ರಿಂದ 1920ರವರೆಗೆ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಹಾಡು ದಾಖಲಾದವು. 1911ರ ದೆಹಲಿ ದರ್ಬಾರಿನಲ್ಲಿ ಐದನೇ ಜಾರ್ಜ್ ದೊರೆಯ ಮುಂದೆ ಅಲಹಾಬಾದಿನ ಜಾನಕಿ ಬಾಯಿ ಅವರ ಜೊತೆ ಹಾಡಿದರು. ಬೆಂಕಿಪೊಟ್ಟಣದ ಮೇಲೂ ಆಕೆಯ ಚಿತ್ರ ಬಂತು. ಸಾಕಿದ ಬೆಕ್ಕು ಮರಿ ಹಾಕಿತೆಂದು 20,000 ರೂಪಾಯಿ ಖರ್ಚು ಮಾಡಿ ಔತಣ ಕೊಟ್ಟರು ಎಂಬ ಕಥೆಯನ್ನು ಹೇಳುವವರು ಬಹಳ, ಸಾಕ್ಷಿ ತೋರಿಸುವವರು ಕಡಿಮೆ.

ಸಾಕ್ಷಿ ಇರುವುದು ಬೇರೆ ಸಂಗತಿಗಳಿಗೆ, ಅವು ಅಷ್ಟು ರಂಜಕವಲ್ಲ. 1906ರಲ್ಲಿ ತಾಯಿ ತೀರಿಕೊಂಡರು. ಮನೆಯಲ್ಲೇ ಬೆಳೆದ ಒಬ್ಬಾತ ತಾನೇ ಮಲ್ಕಾ ಜಾನ್ ಅವರ ಮಗ, ಆಸ್ತಿ ತನ್ನದು ಎಂದು ಕೋರ್ಟಿಗೆ ಹೋದ. ತಾನು ಯಾರ ಮಗಳು ಎಂದು ಸಾಬೀತು ಮಾಡಲು ಗೌಹರ್ ಎಂದೋ ಬಿಟ್ಟುಹೋದ ತಂದೆಯನ್ನು ಹುಡುಕಿ ಕರೆತರಬೇಕಾಯಿತು. ಆಮೇಲೆ ಕಾರ್ಯದರ್ಶಿಯಾಗಿದ್ದ, ಬಾಳಿನಲ್ಲೂ ಜೊತೆಯಾಗಿದ್ದ ಅಬ್ಬಾಸ್ ವಿರುದ್ಧ ಮತ್ತೊಂದು ವ್ಯಾಜ್ಯ. ಗಳಿಸಿದ ಆಸ್ತಿ ವಕೀಲರ ಫೀಸಿನಲ್ಲಿ, ರಾಜಿಗಳಲ್ಲಿ ಕರಗಿತು.

ಕಲ್ಕತ್ತ ಬಿಟ್ಟು ಊರೂರು ಅಲೆದು ಕೊನೆಗೆ 1928ರಲ್ಲಿ ಮೈಸೂರಿಗೆ ಬಂದರು. ಆಗ ನಮ್ಮ ಕಲಬುರಗಿ ನಿಜಾಮರ ರಾಜ್ಯದಲ್ಲಿ, ಮೈಸೂರು ಒಡೆಯರದು, ಎರಡೂ ಬೇರೆ ಬೇರೆ ರಾಜ್ಯಗಳು. ನಾಲ್ವಡಿ ಕೃಷ್ಣರಾಜ ಒಡೆಯರು ಆಕೆಯನ್ನು 1928ರ ಆಗಸ್ಟ್ 1ರಿಂದ ಆಸ್ಥಾನ ಗಾಯಕಿಯಾಗಿ ನೇಮಿಸಿಕೊಂಡರು. ತಿಂಗಳಿಗೆ 500 ರೂಪಾಯಿ ಸಂಬಳ, ಇರಲು ದಿಲ್‌ಖುಷ್ ಎಂಬ ಕಾಟೇಜು. ಆರೋಗ್ಯವೂ ಮನಸ್ಸೂ ಕುಗ್ಗಿದ್ದವು. ಒಂದೂವರೆ ವರ್ಷವೂ ಪೂರ್ತಿ ಆಗಲಿಲ್ಲ. 1930ರ ಜನವರಿ 17ರಂದು ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗ 56 ವರ್ಷ.

ಮುಂದೆ ಎಂಬತ್ತು ವರ್ಷ ಹೆಚ್ಚಿನವರು ಆಕೆಯನ್ನು ಮರೆತರು. ಮೈಸೂರಿನ ಅರಮನೆಯ ಕಡತಗಳಲ್ಲಿ ಆಕೆಯ ಹೆಸರು ಕಂಡ ಬೆಂಗಳೂರಿನ ವಿಕ್ರಂ ಸಂಪತ್ 2010ರಲ್ಲಿ ಇಂಗ್ಲಿಷಿನಲ್ಲಿ ಜೀವನಚರಿತ್ರೆ ಬರೆದರು. ಹಳೆಯ ಪ್ಲೇಟುಗಳನ್ನು ಡಿಜಿಟಲ್ ಮಾಡುವ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಕೂಡ ಅವರೇ ಶುರು ಮಾಡಿದ್ದು. 2018ರ ಜೂನ್ 26ಕ್ಕೆ ಗೂಗಲ್ ಡೂಡಲ್ ಬಂತು, ಫಾರ್ವರ್ಡ್‌ಗಳೂ ಹೆಚ್ಚಾದವು.

ಆಕೆಯ ಹಾಡುಗಳು ಇಂದು ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತವೆ. ನಮ್ಮ ಕಾನೂನಿನಲ್ಲಿ ರೆಕಾರ್ಡಿಂಗಿನ ಹಕ್ಕು 60 ವರ್ಷಕ್ಕೆ ಮುಗಿಯುತ್ತದೆ, ಹಾಗಾಗಿ ಹಂಚಿಕೊಳ್ಳಲು ಅಡ್ಡಿಯಿಲ್ಲ. ಕೇಳುವಾಗ ದನಿ ತೀರಾ ಕೀರಲು ಎನಿಸಿದರೆ ಗಾಯಕಿಯನ್ನು ದೂರಬೇಡಿ. ಮೊದಲ ಕಾಲದ ಪ್ಲೇಟುಗಳು ಸರಿಯಾಗಿ 78 ಸುತ್ತಿನವಲ್ಲ, 70ರ ಆಸುಪಾಸಿನಿಂದ 80ರ ಮೇಲಿನವರೆಗೂ ಇರುತ್ತಿದ್ದವು. ನಿಧಾನ ಸುತ್ತಿನಲ್ಲಿ ಹಾಡಿದ್ದನ್ನು ಯಾರೋ ಕಣ್ಣುಮುಚ್ಚಿ 78ಕ್ಕೆ ಹಾಕಿ ಅಪ್‌ಲೋಡ್ ಮಾಡಿದರೆ ಶ್ರುತಿ ಏರುತ್ತದೆ, ಲಯ ಓಡುತ್ತದೆ. ಅದೇ ಹಾಡಿನ ಎರಡು ಮೂರು ಅಪ್‌ಲೋಡ್ ಕೇಳಿ ಹೋಲಿಸಿ. ಹಾರ್ಮೋನಿಯಂ ಇದ್ದರೆ ಷಡ್ಜ ಹಿಡಿದು ನೋಡಿ, ವ್ಯತ್ಯಾಸ ತಿಳಿಯುತ್ತದೆ.